ಹೊಲಕ್ಕಿಳಿದ ಹಂಸಗಳು

ಹಂಸವೆಂದೊಡನೆ ಕಣ್ಣಿಗೆ ಕಟ್ಟುವುದು ರವಿವರ್ಮನ ಚಿತ್ರದಲ್ಲಿ ದಮಯಂತಿಯ ಮುಂದೆ ನಿಂತ, ನೀಳ ಕೊರಳಿನ ಅಚ್ಚಬಿಳಿಯ ಹಕ್ಕಿ. ತರಗತಿಯಲ್ಲಿ ನಾನೂ ವರ್ಷಗಟ್ಟಲೆ ಅದನ್ನೇ ವರ್ಣಿಸಿದೆ. ಆದರೆ ಅದು ಶೀತದೇಶಗಳ ಹಕ್ಕಿ; ದಕ್ಷಿಣದ ನಮ್ಮ ಕೆರೆಗಳಿಗೆ ಬರುವಂಥದಲ್ಲ. ಹಾಗಾದರೆ ನಮ್ಮ ಕವಿಗಳು ಕಂಡದ್ದು ಯಾವುದನ್ನು?

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿಗೆ ಹೋಗಬೇಕು. ಕೆಂಪೇಗೌಡರ ಮಾಗಡಿಯಲ್ಲ, ಶಿರಹಟ್ಟಿಯ ಬಳಿಯದು. ಅಲ್ಲಿನ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಹಗಲೆಲ್ಲ ನೀರಿನಲ್ಲಿ ತಂಗಿದ್ದ ಬೂದುಬಣ್ಣದ ಹೆಬ್ಬಾತುಗಳು ಹೊತ್ತಿಳಿದಂತೆ ಸಾಲುಗಟ್ಟಿ ಹಾರಿ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಗುರುತು ಸುಲಭ: ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಕಾವಿಬಣ್ಣದ ಹಕ್ಕಿ ಕಂಡರೆ ಅದು ಚಕ್ರವಾಕ. ದನಗಳಂತೆ ನಡೆನಡೆದು ಎಳೆಯ ಪೈರನ್ನು ಮೇಯುವ ಈ ಹಿಂಡನ್ನು ಕಂಡ ರೈತನಿಗೆ ಕಾವ್ಯ ನೆನಪಾಗದಿದ್ದರೆ ತಪ್ಪೇನೂ ಇಲ್ಲ.

ಭಾರತೀಯ ಸಾಹಿತ್ಯ ಶಿಲ್ಪಗಳ ಹಂಸ ಈ ಹೆಬ್ಬಾತೇ ಎಂದು ಡಚ್ ವಿದ್ವಾಂಸ ಫೋಗೆಲ್ 1962ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಮೇಘದೂತದ ರಾಜಹಂಸಗಳು ಮಳೆಗಾಲದಲ್ಲಿ ಮಾನಸಸರೋವರದತ್ತ ಹೊರಡುತ್ತವೆ. ಪಟ್ಟೆತಲೆಯ ಹೆಬ್ಬಾತುಗಳು ಮರಿಮಾಡುವುದೂ ಟಿಬೆಟ್, ಮಂಗೋಲಿಯಾಗಳ ಸರೋವರಗಳಲ್ಲೇ. ಆದರೆ ನಮ್ಮಲ್ಲಿಂದ ಅವು ಬೇಸಿಗೆಯ ಹೊತ್ತಿಗೇ ಹೊರಟುಬಿಡುತ್ತವೆ. ಕಾಳಿದಾಸ ತಿಂಗಳನ್ನು ತುಸು ಹಿಂದುಮುಂದು ಮಾಡಿದ್ದಾನು, ದಿಕ್ಕನ್ನು ತಪ್ಪಲಿಲ್ಲ.

ಇದನ್ನು ತಿಳಿದ ಮೇಲೆ ನನ್ನ ಹಳೆಯ ಪಾಠಗಳ ಬಗ್ಗೆ ಸಂಕೋಚವಾಯಿತು. ಕಲ್ಕುಟಿಗನಿಗೆ ಮಾತ್ರ ಈ ಸಂದೇಹವಿದ್ದಂತೆ ತೋರದು. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರದ ಗೋಡೆಯ ಹಂಸಪಟ್ಟಿಕೆಯನ್ನು ನಿಂತು ನೋಡಿ. ಬಾಲ ಬಳ್ಳಿಯಾಗಿ ಸುರುಳಿಗೊಂಡಿದೆ, ಮೈಕಟ್ಟು ಬಾತಿನದೇ.