ಸರಾಸರಿಗೆ ಸಿಗದ ವಿಶ್ವನಾಥ್

ಹೆವಿವೇಯ್ಟ್ ಬಾಕ್ಸಿಂಗ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಆಡಿದ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತರಾದರು. ಮುಹಮ್ಮದ್ ಅಲಿ ಐದು ಸಲ ಸೋತರು. ಆದರೂ ಇಬ್ಬರಲ್ಲಿ ದೊಡ್ಡವರು ಯಾರೆಂದರೆ ಹೆಚ್ಚಿನವರು ಅಲಿಯ ಹೆಸರನ್ನೇ ಹೇಳುತ್ತಾರೆ. ಅವರು ಗೆದ್ದದ್ದು ಲಿಸ್ಟನ್, ಫ್ರೇಜಿಯರ್, ಫೋರ್‌ಮನ್‌ರಂಥವರನ್ನು.

ಜಯನಗರ, ಬನಶಂಕರಿಗಳ ಹೋಟೆಲುಗಳಲ್ಲಿ ಕಾಫಿಯ ಜೊತೆ ಇಂಥದೇ ಚರ್ಚೆ ಜಿ.ಆರ್. ವಿಶ್ವನಾಥರ ಬಗ್ಗೆ ನಡೆಯುವುದುಂಟು. 1969ರಿಂದ 1983ರವರೆಗೆ ಅವರದು 91 ಟೆಸ್ಟ್, 6,080 ರನ್, 14 ಶತಕ, ಸರಾಸರಿ 41.93. ಜೊತೆಗಾರ ಗಾವಸ್ಕರರದು 34 ಶತಕ, ಸರಾಸರಿ 51.12. ಇಷ್ಟನ್ನೇ ತೂಗಿದರೆ ವಿಶ್ವನಾಥ್ ಒಳ್ಳೆಯ ಆಟಗಾರ, ಅಷ್ಟೇ.

ಆದರೆ ಸರಾಸರಿಯ ಕಣ್ಣಿಗೆ ಎಲ್ಲ ರನ್ನೂ ಒಂದೇ. ತಂಡ ಕುಸಿಯುವಾಗ ಬಂದ ರನ್ನಿಗೂ ಡ್ರಾ ಖಚಿತವಾದ ಮೇಲೆ ಬಂದ ರನ್ನಿಗೂ ಅದು ಬೇರೆ ಬೆಲೆ ಕಟ್ಟದು. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ ಗಳಿಸಿದ್ದು 190. ಅದರಲ್ಲಿ ವಿಶ್ವನಾಥರದೇ ಔಟಾಗದೆ 97. ಕೊನೆಗೆ ಭಾರತ 100 ರನ್ನುಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಹುಡುಕಿದರೆ ಈ ಇನಿಂಗ್ಸ್ ಸಿಗುವುದೇ ಇಲ್ಲ!

ಹಾಗೆಂದು ದಾಖಲೆಯನ್ನು ಬದಿಗಿಡಬೇಕಾಗಿಲ್ಲ, ಪೂರ್ತಿ ಓದಿದರಾಯಿತು. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ನಿನ ಗುರಿ ಮುಟ್ಟಿದಾಗ ಅವರದು 112. 1981ರಲ್ಲಿ ಮೆಲ್ಬರ್ನ್ ಟೆಸ್ಟನ್ನು 59 ರನ್ನುಗಳಿಂದ ಗೆದ್ದಾಗ ಮೊದಲ ಇನಿಂಗ್ಸಿನಲ್ಲಿ 114.

ಇದರಿಂದ ಗಾವಸ್ಕರ್ ಚಿಕ್ಕವರಾಗುವುದಿಲ್ಲ. ಆದರೆ ‘ಎಷ್ಟು’ ಎಂಬುದರ ಜೊತೆಗೆ ‘ಯಾವಾಗ’ ಎಂದೂ ಕೇಳಿದರೆ, ಭದ್ರಾವತಿಯಲ್ಲಿ ಹುಟ್ಟಿದ ಈ ಕುಳ್ಳ ಆಟಗಾರನನ್ನು ಶ್ರೇಷ್ಠರ ಸಾಲಿನಿಂದ ಹೊರಗಿಡಲಾಗದು.