ತಾಮ್ರ ಹೋಯಿತು, ಕಲ್ಲು ಉಳಿಯಿತು

ಹುಬ್ಬಳ್ಳಿಯಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿ ಮುಂದೆ ಸಾಗಿದರೆ ಮಲಪ್ರಭೆಯ ದಡದ ಕೊಣ್ಣೂರು ಸಿಗುತ್ತದೆ. ಪೇರಲ ಹಣ್ಣಿಗೆ ಹೆಸರಾದ ಊರು ಇದು. ಗೋಕಾಕದ ಹತ್ತಿರ ಇನ್ನೊಂದು ಕೊಣ್ಣೂರಿದೆ, ಅಲ್ಲಿಯೂ ಶಾಸನಗಳಿವೆ. ಆದರೆ ನಾವಿಲ್ಲಿ ಹೇಳಹೊರಟಿರುವುದು ಮಲಪ್ರಭೆಯ ಕೊಣ್ಣೂರಿನ ಒಂದು ಕಲ್ಲಿನ ಮಾತು. ಈ ಊರಿನ ಪರಮೇಶ್ವರ ಗುಡಿಯಲ್ಲಿದ್ದ ಈ ಶಾಸನವನ್ನು ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದ 6ನೆಯ ಸಂಪುಟದಲ್ಲಿ ಓದಿ ಪ್ರಕಟಿಸಿದರು.

ಈ ಕಲ್ಲಿನ ಜೊತೆಗೆ ಬಹುದೂರದ ಇನ್ನೊಂದು ಬರಹವನ್ನೂ ಇಟ್ಟು ನೋಡೋಣ. ಅದು ಅಮೆರಿಕದಲ್ಲಿ 1830ರಲ್ಲಿ ಅಚ್ಚಾದ 'ಬುಕ್ ಆಫ್ ಮಾರ್ಮನ್', ಮಾರ್ಮನ್ ಪಂಥದವರ ಧರ್ಮಗ್ರಂಥ. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಈ ಎರಡು ಬರಹಗಳಲ್ಲಿ ಒಂದು ಸಾಮ್ಯವಿದೆ. ತಮ್ಮ ಮೂಲ ಲೋಹದ ತಗಡಿನ ಮೇಲಿತ್ತು ಎಂದು ಎರಡೂ ಹೇಳುತ್ತವೆ. ಎರಡರ ತಗಡುಗಳೂ ಇಂದು ನಮ್ಮ ಕೈಯಲ್ಲಿಲ್ಲ. ಮೂಲವಿಲ್ಲದ ಪ್ರತಿಯನ್ನು ಇತಿಹಾಸ ಹೇಗೆ ನೋಡಬೇಕು? ಅದನ್ನು ನಂಬಿದ ಜನ ಹೇಗೆ ಬದುಕುತ್ತಾರೆ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಇವುಗಳನ್ನು ಕಲಸಿಬಿಡುವುದರಿಂದಲೇ ನಮ್ಮಲ್ಲಿ ಅನೇಕ ಜಗಳಗಳು ಹುಟ್ಟುತ್ತವೆ.

ಕೊಳನೂರಿನ ದಾನ

ಮೊದಲು ನಮ್ಮ ಕಲ್ಲು. ಕೊಣ್ಣೂರಿನ ಹಳೆಯ ಹೆಸರು ಕೊಳನೂರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ನೆಚ್ಚಿನ ದಂಡನಾಯಕ ಬಂಕೇಯ ಇಲ್ಲಿ ಒಂದು ಜಿನಾಲಯ ಕಟ್ಟಿಸಿದ. ಬಂಕಾಪುರಕ್ಕೆ ಹೆಸರು ಬಂದದ್ದು ಇವನಿಂದಲೇ. ಇವನ ಕೋರಿಕೆಯ ಮೇರೆಗೆ ಅಮೋಘವರ್ಷನು ತಲೆಯೂರು ಎಂಬ ಗ್ರಾಮವನ್ನೂ ಬೇರೆ ಕೆಲವು ಭೂಮಿಯನ್ನೂ ದೇವೇಂದ್ರ ಎಂಬ ಜೈನ ಮುನಿಗೆ ದಾನವಿತ್ತ. ಕಾಲ ಶಕವರ್ಷ 782, ಆಶ್ವಯುಜ ಹುಣ್ಣಿಮೆ, ಚಂದ್ರಗ್ರಹಣ. ಅಂದರೆ ಕ್ರಿ.ಶ. 860ರ ಅಕ್ಟೋಬರ್ 3.

ಆದರೆ ಈ ಕಲ್ಲಿನ ಲಿಪಿ 860ರ ಕಾಲದ್ದಲ್ಲ. ಅಕ್ಷರಗಳು 12ನೆಯ ಶತಮಾನದವು. ಇದನ್ನು ಶಾಸನ ಮುಚ್ಚಿಡುವುದೂ ಇಲ್ಲ. ಕೊಳನೂರಿನ ಮಹಾಪ್ರಭು ಹುಲಿಯಮರಸ ಮತ್ತು ಇತರರು ಕೇಳಿಕೊಂಡದ್ದರಿಂದ ಮೇಘಚಂದ್ರ ತ್ರೈವಿದ್ಯರ ಪರಂಪರೆಯ ವೀರನಂದಿ ಮುನಿಗಳು ತಾಮ್ರಶಾಸನವನ್ನು ಕಲ್ಲಿನ ಮೇಲೆ ಬರೆಯಿಸಿದರು ಎಂದು ಅದೇ ಹೇಳುತ್ತದೆ. ಈ ವೀರನಂದಿಗಳು 'ಆಚಾರಸಾರ' ಎಂಬ ಗ್ರಂಥದ ಕರ್ತೃ. ಅಂದರೆ ದಾನ ಕೊಟ್ಟದ್ದಕ್ಕೂ ಕಲ್ಲು ಕೊರೆದದ್ದಕ್ಕೂ ನಡುವೆ ಸುಮಾರು ಮುನ್ನೂರು ವರ್ಷ.

ಕೀಲ್‌ಹಾರ್ನ್ ಇದನ್ನು ಪರೀಕ್ಷಿಸಿದ ರೀತಿ ವಿಜ್ಞಾನ ಓದಿದವರಿಗೆ ಮೆಚ್ಚುಗೆಯಾಗುವಂಥದು. ಗ್ರಹಣದ ಲೆಕ್ಕ ಹಾಕಿದರೆ ತಿಥಿ ಸರಿಹೊಂದುತ್ತದೆ. ಆಕಾಶ ಸುಳ್ಳು ಹೇಳುವುದಿಲ್ಲ. ಆದರೆ ಶಾಸನ ಕೊಡುವ ರಾಷ್ಟ್ರಕೂಟ ವಂಶಾವಳಿ ಆ ಮನೆತನದ ಇತರ ನಂಬಲರ್ಹ ಶಾಸನಗಳೊಂದಿಗೆ ಹೊಂದುವುದಿಲ್ಲ. ಆದ್ದರಿಂದ ಅವರು ಇದಕ್ಕೆ 'ಕೂಟ ಶಾಸನ' ಎಂಬ ಹಣೆಪಟ್ಟಿ ಹಚ್ಚಿದರು.

ಕೂಟ ಎಂದಾಕ್ಷಣ ಕಸದ ಬುಟ್ಟಿಗೆ ಎಸೆಯಬೇಕೆಂದಲ್ಲ. ಬಂಕೇಯನ ದಂಡಯಾತ್ರೆಗಳ ಬಗ್ಗೆ, ಅವನು ಕಾವೇರಿಯನ್ನು ದಾಟಿ ಹೋದದ್ದು, ಅರಸನ ಕರೆ ಬಂದಾಗ ಹಿಂತಿರುಗಿ ಬಂದದ್ದರ ಬಗ್ಗೆ ಇತಿಹಾಸಕಾರರು ಇಂದಿಗೂ ಈ ಕಲ್ಲನ್ನೇ ಆಶ್ರಯಿಸುತ್ತಾರೆ. ನಮ್ಮ ವೃತ್ತಿಯಲ್ಲಿ ಟೇಪಿನಿಂದ ಟೇಪಿಗೆ ಪ್ರತಿ ತೆಗೆಯುತ್ತಿದ್ದ ಕಾಲವೊಂದಿತ್ತು. ಪ್ರತಿ ಸಲವೂ ಚಿತ್ರ ತುಸು ಮಂಕಾಗುತ್ತಿತ್ತು, ಹೊಸ ಗೀರುಗಳು ಸೇರಿಕೊಳ್ಳುತ್ತಿದ್ದವು. ಹಾಗೆಂದು ಅದರಲ್ಲಿದ್ದ ಮುಖ ಬೇರೆಯವರದಾಗುತ್ತಿರಲಿಲ್ಲ. ಕೊಣ್ಣೂರಿನ ಕಲ್ಲು 9ನೆಯ ಶತಮಾನಕ್ಕೆ ಮಂಕಾದ ಸಾಕ್ಷಿ. ಆದರೆ 12ನೆಯ ಶತಮಾನಕ್ಕೆ ಅದು ಸ್ಪಷ್ಟವಾದ ಸಾಕ್ಷಿ. ಆ ಕಾಲದ ಕೊಳನೂರಿನ ಜೈನರಿಗೆ ತಮ್ಮ ಬಸದಿಯ ಹಳೆಯ ಹಕ್ಕನ್ನು ಎಲ್ಲರ ಕಣ್ಣಿಗೂ ಕಾಣುವಂತೆ ನಿಲ್ಲಿಸುವ ಅಗತ್ಯ ಬಿದ್ದಿತ್ತು, ಊರಿನ ಪ್ರಭು ಅವರ ಬೆನ್ನಿಗಿದ್ದ ಎಂಬುದನ್ನು ಅದು ತಿಳಿಸುತ್ತದೆ. ಪ್ರತಿ ಎಂಬುದು ಎಲ್ಲಕ್ಕಿಂತ ಮೊದಲು ಪ್ರತಿ ಮಾಡಿದವರ ಕಾಲವನ್ನು ಹೇಳುತ್ತದೆ.

ಪಾಲ್ಮೈರಾದ ಚಿನ್ನದ ತಗಡು

ಈಗ ಸಮುದ್ರ ದಾಟೋಣ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬ ಊರಿನ ಹತ್ತಿರ ಜೋಸೆಫ್ ಸ್ಮಿತ್ ಎಂಬ ರೈತರ ಮನೆಯ ಯುವಕನಿದ್ದ. ಹುಟ್ಟಿದ್ದು 1805ರಲ್ಲಿ. ಮೊರೋನಿ ಎಂಬ ದೇವದೂತ ತೋರಿಸಿದ ಗುಡ್ಡದಲ್ಲಿ 1827ರಲ್ಲಿ ತನಗೆ ಚಿನ್ನದ ತಗಡುಗಳು ದೊರೆತವು, ಅವುಗಳ ಮೇಲೆ ಅಮೆರಿಕದ ಪ್ರಾಚೀನ ಜನರ ಚರಿತ್ರೆ ಇತ್ತು ಎಂದು ಅವನು ಹೇಳಿದ. ದೈವದತ್ತ ಶಕ್ತಿಯಿಂದ ಅದನ್ನು ಅನುವಾದಿಸಿ ಬಾಯಲ್ಲಿ ಹೇಳಿ ಬರೆಯಿಸಿದ. ಕೆಲಸ ಮುಗಿದ ಮೇಲೆ ತಗಡುಗಳನ್ನು ದೇವದೂತನಿಗೆ ಮರಳಿಸಿದ ಎಂಬುದು ಅವರ ನಂಬಿಕೆ. ತಗಡುಗಳನ್ನು ಕಂಡೆವೆಂದು ಮೊದಲು ಮೂವರು, ಬಳಿಕ ಎಂಟು ಮಂದಿ ಕೊಟ್ಟ ಹೇಳಿಕೆಗಳು ಪುಸ್ತಕದಲ್ಲಿಯೇ ಅಚ್ಚಾಗಿವೆ. ಮೊದಲ ಮೂವರೂ ಮುಂದೆ ಸ್ಮಿತ್‌ನೊಡನೆ ಮನಸ್ತಾಪದಿಂದ ಸಭೆಯನ್ನು ಬಿಟ್ಟರು, ಅವರಲ್ಲಿ ಇಬ್ಬರು ಮರಳಿ ಬಂದರು. ಆದರೆ ಹೇಳಿಕೆಯನ್ನು ಮೂವರಲ್ಲಿ ಯಾರೂ ಹಿಂದೆಗೆದುಕೊಳ್ಳಲಿಲ್ಲ.

ಆ ಮೂವರಲ್ಲೊಬ್ಬ ಮಾರ್ಟಿನ್ ಹ್ಯಾರಿಸ್ ಎಂಬ ಸ್ಥಿತಿವಂತ ರೈತ. ಪುಸ್ತಕದ 5,000 ಪ್ರತಿ ಅಚ್ಚು ಹಾಕಿಸಲು 3,000 ಡಾಲರ್ ಬೇಕಾಯಿತು. ಅವನು ತನ್ನ ಹೊಲವನ್ನೇ ಒತ್ತೆ ಇಟ್ಟ, ಕೊನೆಗೆ ಮಾರಬೇಕಾಯಿತು. ಇದನ್ನು ಓದುವಾಗ ನಮ್ಮ ಗದಗ ಜಿಲ್ಲೆಯವರಿಗೆ ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆ ನೆನಪಾಗದೆ ಇರಳು. ಪೊನ್ನನ 'ಶಾಂತಿಪುರಾಣ' ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ದೇಶ ಬೇರೆ, ಧರ್ಮ ಬೇರೆ. ಆದರೂ ಗ್ರಂಥದ ಪ್ರತಿ ಮಾಡಿಸುವುದೇ ಭಕ್ತಿ ಎಂಬ ಭಾವ ಒಂದೇ.

1830ರ ಏಪ್ರಿಲ್ 6ರಂದು ಸಭೆ ಸ್ಥಾಪನೆಯಾಯಿತು. ವಿರೋಧ, ವಲಸೆ, ಹಿಂಸೆಗಳ ನಡುವೆ 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ಥೇಜ್ ಊರಿನ ಸೆರೆಮನೆಗೆ ನುಗ್ಗಿದ ಗುಂಪು ಸ್ಮಿತ್‌ನನ್ನು ಕೊಂದಿತು. ಬ್ರಿಗಮ್ ಯಂಗ್‌ನ ಮುಂದಾಳುತನದಲ್ಲಿ ಅನುಯಾಯಿಗಳು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಹೋಗಿ ನೆಲೆಸಿದರು. 2018ರಿಂದ ತಮ್ಮನ್ನು ಮಾರ್ಮನ್ ಎನ್ನದೆ 'ಅಂತ್ಯದಿನಗಳ ಸಂತರ ಯೇಸುಕ್ರಿಸ್ತನ ಸಭೆ' ಎಂಬ ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು ಅವರು ಕೋರುತ್ತಿದ್ದಾರೆ. 2023ರ ಕೊನೆಗೆ ಸದಸ್ಯರ ಸಂಖ್ಯೆ 1 ಕೋಟಿ 70 ಲಕ್ಷ ಮೀರಿತ್ತೆಂದು ಸಭೆಯ ಲೆಕ್ಕ.

ಮೂಲ ಸಿಕ್ಕಾಗ

ಗ್ರಂಥದಲ್ಲಿ ಹೇಳಿದ ಪ್ರಾಚೀನ ನಾಗರಿಕತೆಗಳ ಗುರುತನ್ನು ಪುರಾತತ್ವಜ್ಞರು ಅಮೆರಿಕದ ಮಣ್ಣಿನಲ್ಲಿ ಕಂಡಿಲ್ಲ. ಕೊಲಂಬಸ್‌ನ ಮೊದಲೇ ಅಲ್ಲಿ ಕುದುರೆಗಳಿದ್ದವೆಂಬಂಥ ವಿವರಗಳನ್ನು ಅವರು ಒಪ್ಪುವುದಿಲ್ಲ. ಭಕ್ತರು ಇದಕ್ಕೆ ತಮ್ಮದೇ ಸಮಾಧಾನ ಹೇಳುತ್ತಾರೆ. ತಗಡುಗಳು ಇಲ್ಲದಿರುವಾಗ ವಾದ ಅಲ್ಲಿಗೇ ನಿಲ್ಲುತ್ತದೆ.

ಆದರೆ ಇನ್ನೊಂದು ಪ್ರಸಂಗದಲ್ಲಿ ಮೂಲವೇ ಮರಳಿ ಬಂತು. 1835ರಲ್ಲಿ ಸ್ಮಿತ್ ಮತ್ತು ಸಂಗಡಿಗರು ಈಜಿಪ್ಟಿನ ಕೆಲವು ಮಮ್ಮಿಗಳನ್ನೂ ಪಪೈರಸ್ ಸುರುಳಿಗಳನ್ನೂ ಕೊಂಡರು. ಆಗ ಅಮೆರಿಕದಲ್ಲಿ ಆ ಲಿಪಿ ಬಲ್ಲವರಿರಲಿಲ್ಲ. ಅದರಲ್ಲಿ ಪಿತಾಮಹ ಅಬ್ರಹಾಮನ ಬರಹವಿದೆಯೆಂದು ಸ್ಮಿತ್ 1842ರಲ್ಲಿ ಅನುವಾದವೊಂದನ್ನು ಪ್ರಕಟಿಸಿದ. ಸುರುಳಿಗಳು ಬೆಂಕಿಯಲ್ಲಿ ಸುಟ್ಟುಹೋದವೆಂದೇ ಬಹುಕಾಲ ತಿಳಿಯಲಾಗಿತ್ತು. 1967ರಲ್ಲಿ ಕೆಲವು ತುಂಡುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಿಂದ ಸಭೆಯ ಕೈಸೇರಿದವು. ಲಿಪಿತಜ್ಞರು ಓದಿ ನೋಡಿದರೆ ಅದು ಸತ್ತವರೊಡನೆ ಇಡುತ್ತಿದ್ದ ಅಂತ್ಯಕ್ರಿಯೆಯ ಮಂತ್ರಪಾಠ! ಅನುವಾದಕ್ಕೂ ತುಂಡುಗಳ ಬರಹಕ್ಕೂ ಹೊಂದಿಕೆಯಿಲ್ಲವೆಂದು 2014ರಲ್ಲಿ ಸಭೆಯೇ ತನ್ನ ಪ್ರಬಂಧವೊಂದರಲ್ಲಿ ಒಪ್ಪಿಕೊಂಡಿತು. ಸಿಕ್ಕದ ಭಾಗದಲ್ಲಿ ಮೂಲವಿದ್ದಿರಬಹುದು ಅಥವಾ ಸುರುಳಿ ದೈವಪ್ರೇರಣೆಗೆ ನಿಮಿತ್ತ ಮಾತ್ರವಾಗಿರಬಹುದು ಎಂಬ ವಿವರಣೆಗಳನ್ನೂ ಮುಂದಿಟ್ಟಿತು.

ಇದರಿಂದ ಕೆಲವರು ಸಭೆ ಬಿಟ್ಟದ್ದುಂಟು. ಬಹಳ ಜನ ಉಳಿದರು. ಹೇಗೆ ಉಳಿದರು ಎಂಬುದಕ್ಕೆ ಉತ್ತರ ಬೇಕಾದರೆ ತಗಡು, ಸುರುಳಿಗಳನ್ನು ಬಿಟ್ಟು ಅವರ ಭಾನುವಾರವನ್ನು ನೋಡಬೇಕು.

ಓದುವ ಮನೆ

ಇವರ ಊರಿನ ಸಭೆಗೆ ಸಂಬಳದ ಪಾದ್ರಿ ಇಲ್ಲ. 'ಬಿಷಪ್' ಎಂದರೆ ವಾರವಿಡೀ ತನ್ನ ಉದ್ಯೋಗ ಮಾಡಿ, ಕೆಲವು ವರ್ಷಗಳ ಮಟ್ಟಿಗೆ ಈ ಹೊಣೆ ಹೊತ್ತ ಒಬ್ಬ ಗೃಹಸ್ಥ. ಭಾನುವಾರ ರೊಟ್ಟಿಯ ತುಣುಕು ಮತ್ತು ನೀರನ್ನು ಎಲ್ಲರಿಗೂ ಹಂಚುತ್ತಾರೆ. ದ್ರಾಕ್ಷಾರಸ ಇಲ್ಲ. ಉಪದೇಶ ಮಾಡುವವರು ಸದಸ್ಯರೇ. ಈ ವಾರ ಒಬ್ಬ ಗೃಹಿಣಿ, ಮುಂದಿನ ವಾರ ಒಬ್ಬ ವಿದ್ಯಾರ್ಥಿ. ನಾಲ್ಕು ವರ್ಷಗಳ ಸುತ್ತಿನಲ್ಲಿ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಬುಕ್ ಆಫ್ ಮಾರ್ಮನ್ ಮತ್ತು ಸಭೆಯ ಪ್ರಕಟಣೆಗಳ ಸಂಗ್ರಹ, ಹೀಗೆ ಎಲ್ಲವನ್ನೂ ಓದಿ ಮುಗಿಸುತ್ತಾರೆ. 2019ರಿಂದ ಭಾನುವಾರದ ಸಭೆಯನ್ನು ಮೂರು ಗಂಟೆಯಿಂದ ಎರಡಕ್ಕೆ ಇಳಿಸಿ, ಓದಿನ ಮುಖ್ಯ ಭಾಗವನ್ನು ಮನೆಗೇ ಒಪ್ಪಿಸಿದ್ದಾರೆ. 1915ರಿಂದ ನಡೆದುಬಂದಿರುವ ಇನ್ನೊಂದು ರೂಢಿಯೆಂದರೆ ವಾರಕ್ಕೊಂದು ಸಂಜೆಯನ್ನು ಮನೆಮಂದಿಗಾಗಿಯೇ ಮೀಸಲಿಡುವುದು.

ತಿಂಗಳಿಗೊಂದು ಭಾನುವಾರ ಉಪವಾಸ. ಉಳಿದ ಎರಡು ಹೊತ್ತಿನ ಊಟದ ಹಣ ಬಡವರಿಗೆ. ದುಡಿಮೆಯಲ್ಲಿ ಹತ್ತರಲ್ಲೊಂದು ಪಾಲು ಸಭೆಗೆ. ಮದ್ಯ, ತಂಬಾಕು ನಿಷಿದ್ಧ. ಚಹಾ, ಕಾಫಿಯೂ ಇಲ್ಲ! ಮುಂಜಾನೆ ಎದ್ದು ಚಾ ಕುಡಿಯದೆ ಮಾತೇ ಹೊರಡದ ನಮ್ಮ ಕಡೆಯವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ತಪಸ್ಸಾಗಿ ಕಂಡೀತು. ಕೊಳನೂರಿನ ಬಸದಿಗೆ ಹೋಗುತ್ತಿದ್ದ ಶ್ರಾವಕರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ಪರ್ವದಿನದ ಉಪವಾಸ, ಆಹಾರದ ಕಟ್ಟುಪಾಡು, ದಾನ ಅವರಿಗೂ ಗೊತ್ತಿದ್ದವು. ಜೈನರಲ್ಲಿ ಸ್ವಾಧ್ಯಾಯ, ಅಂದರೆ ಶಾಸ್ತ್ರದ ಓದು, ತಪಸ್ಸಿನ ಒಂದು ಬಗೆಯೇ ಹೌದು.

ಭಾರತದ ದಾರಿ

ಈ ಪಂಥ ಭಾರತಕ್ಕೆ ಬಂದದ್ದು ಬಹು ಹಿಂದೆಯೇ. 1851ರಲ್ಲಿ ಕಲಕತ್ತೆಗೆ, 1852ರಲ್ಲಿ ಮುಂಬಯಿಗೆ ಪ್ರಚಾರಕರು ಬಂದರು. ಹ್ಯೂ ಫಿಂಡ್ಲೆ ಎಂಬಾತ ಪುಣೆಯಲ್ಲಿ ಸೈನಿಕರ ನಡುವೆ ಕೆಲಸ ಮಾಡಿದ. ಬಹುಪತ್ನಿತ್ವವನ್ನು ಸಭೆ ಬಹಿರಂಗವಾಗಿ ಸಾರಿದ್ದೂ 1852ರಲ್ಲೇ, ಅದನ್ನು ಕೈಬಿಡುವ ಘೋಷಣೆ ಬಂದದ್ದು 1890ರಲ್ಲಿ. ಇಂಗ್ಲಿಷ್ ಸಮಾಜ ಬಾಗಿಲು ಮುಚ್ಚಿತು. ಬಂದವರಿಗೆ ಇಲ್ಲಿಯ ಭಾಷೆಗಳು ತಿಳಿಯದು. 1856ರ ಹೊತ್ತಿಗೆ ಆ ಪ್ರಯತ್ನ ನಿಂತೇಹೋಯಿತು. ಅದೇ ಕಾಲದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿದ್ದ ಬಾಸೆಲ್ ಮಿಶನ್ನಿನವರು ಕನ್ನಡ ಕಲಿತು, ಶಾಲೆ ತೆರೆದು ನೆಲೆಯೂರಿದ್ದನ್ನು ಇದರೊಡನೆ ಹೋಲಿಸಿ ನೋಡಬಹುದು.

ಎರಡನೆಯ ಸಲ ಬೇರು ಹಿಡಿದದ್ದು ಭಾರತೀಯರಿಂದಲೇ. ಎಡ್ವಿನ್ ಧರ್ಮರಾಜು ದಂಪತಿಗಳು 1978ರಲ್ಲಿ ಹೈದರಾಬಾದಿಗೆ ಬಂದು ತಮ್ಮ ಬಂಧುಗಳಿಂದಲೇ ಆರಂಭಿಸಿದರು. 1993ರಲ್ಲಿ ಬೆಂಗಳೂರು ಮಿಶನ್ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಗುರುಚರಣ್ ಸಿಂಗ್ ಗಿಲ್, ಭಾರತ ಸಂಜಾತ ಗಣಿತದ ಪ್ರಾಧ್ಯಾಪಕರು. ದೇಶದ ಮೊದಲ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮನಾದ ವಿಧಿ ನಡೆಸಿದರು.

ನಮ್ಮನ್ನು ಮುಟ್ಟುವ ಅವರ ಇನ್ನೊಂದು ಕೆಲಸವಿದೆ. ಸತ್ತ ಪೂರ್ವಜರ ಪರವಾಗಿಯೂ ದೀಕ್ಷಾಸ್ನಾನ ಮಾಡಿಸಬಹುದೆಂಬುದು ಅವರ ನಂಬಿಕೆ. ಅದಕ್ಕೆ ಪೂರ್ವಜರ ಹೆಸರು ಬೇಕು. ಹಾಗಾಗಿ 1894ರಲ್ಲೇ ವಂಶಾವಳಿ ಸಂಸ್ಥೆಯೊಂದನ್ನು ಸ್ಥಾಪಿಸಿ, 1938ರಿಂದ ಲೋಕದ ನಾನಾ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿದರು. 1977ರಿಂದ ಹರಿದ್ವಾರದ ಪಂಡರ ಬಳಿಯಿರುವ ಯಾತ್ರಿಕರ ವಂಶದ ವಹಿಗಳನ್ನೂ ಚಿತ್ರಿಸಿದರು. ಉತ್ತರ ಕರ್ನಾಟಕದ ಮನೆಗಳಿಗೆ ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಗಳನ್ನು ಓದಿ ಹೇಳುವ ಹೆಳವರ ಹೊತ್ತಿಗೆಗಳ ಅಕ್ಕತಂಗಿಯರಂತಿವೆ ಆ ವಹಿಗಳು. ನಂಬಿಕೆ ಅವರದು, ಆದರೆ ಉಳಿದ ಹೆಸರುಗಳು ಎಲ್ಲರವು.

ಕೊಣ್ಣೂರಿನ ಕಲ್ಲಿಗೆ ಮರಳೋಣ. ಶೋಧಕ ಅದನ್ನು ಕೂಟ ಎಂದು ಕರೆಯುವುದು ಅವನ ಕರ್ತವ್ಯ. ಗ್ರಹಣದ ಲೆಕ್ಕವನ್ನು ಹೊಗಳಿ ವಂಶಾವಳಿಯ ತಪ್ಪನ್ನು ಮುಚ್ಚುವುದು ಸಲ್ಲದು. ಇನ್ನೊಬ್ಬರ ಚಿನ್ನದ ತಗಡಿಗೆ ನಗುವವರು ತಮ್ಮ ಊರಿನ ಕಲ್ಲಿಗೂ ಅದೇ ಪರೀಕ್ಷೆ ಒಡ್ಡಬೇಕು. ಹಾಗೆ ಪರೀಕ್ಷಿಸಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ತಾಮ್ರ ಒಂದು ದಿನ ಕಳೆದುಹೋದೀತೆಂದು ಹುಲಿಯಮರಸನ ಕಾಲದವರಿಗೆ ಅನ್ನಿಸಿತು, ಅವರು ಖರ್ಚು ಮಾಡಿ ಕಲ್ಲಿಗೆ ಇಳಿಸಿದರು. ತಾಮ್ರ ಹೋಯಿತು. ಬಸದಿಯ ದಾನದ ಮಾತು ಶಿವನ ಗುಡಿಯಲ್ಲಿ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಯಾಗಿ, ಬಚ್ಚಲ ಹಾಸುಗಲ್ಲಾಗಿ ಸವೆಯುತ್ತಿವೆ. ಊರಿನ ಶಾಲೆಯ ಮಕ್ಕಳು ಒಂದೊಂದು ಕಲ್ಲನ್ನು ಗುರುತಿಸಿ, ತೊಳೆದು, ಅದರ ಚಿತ್ರ ತೆಗೆದಿಟ್ಟರೂ ಸಾಕು, ಮುಂದೆ ಓದುವವರಿಗೆ ಒಂದು ಪ್ರತಿ ಸಿಗುತ್ತದೆ.