ನಿಂತು ಗುಂಡು ಹೊಡೆಯುವವನ ಅಳುಕು

ಬಂದೂಕು ಹಾರುವ ಗಳಿಗೆಯಲ್ಲಿ ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ಬೆರಳು ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ಸರಕ್ಕನೆ ಸೆಳೆಯುತ್ತದೆ. ಗುರಿ ತಪ್ಪಿಸುವ ಈ ಅಳುಕು ಹೇಡಿತನದ ಗುರುತಲ್ಲ. ದೊಡ್ಡ ಸದ್ದಿಗೂ ಏಟಿಗೂ ಮೈ ತಾನಾಗಿಯೇ ಮಾಡಿಕೊಳ್ಳುವ ಸಿದ್ಧತೆ ಅದು. ಮಲಗಿ ಹೊಡೆಯುವವನ ಮೊಳಕೈಗೆ ನೆಲದ ಆಸರೆಯಿದೆ, ನಿಂತವನಿಗೆ ಅದಿಲ್ಲ. ಕೋವಿಯ ಮೂತಿ ಗುರಿಯ ಸುತ್ತ ತೂಗಾಡುತ್ತಲೇ ಇರುತ್ತದೆ. ಅದು ಗುರಿಯ ಮೇಲೆ ಹಾದುಹೋಗುವ ಕ್ಷಣವನ್ನು ಹಿಡಿದುಬಿಡುವ ಆತುರದಲ್ಲಿ ಬೆರಳು ಅವಸರ ಮಾಡುತ್ತದೆ. ಅಳುಕು ಒಳಗೆ ಬರುವುದು ಆ ಸಂದಿನಲ್ಲೇ.

ವಿಜಯಪುರದ ಸೀಮೆಗೆ ಸಿಡಿಮದ್ದಿನ ಸದ್ದು ಹಳೆಯದು. ಇಂಡಿ ತಾಲ್ಲೂಕಿನ ತಾಂಬಾದಂಥ ಊರುಗಳಿಂದ ಪಟ್ಟಣಕ್ಕೆ ಹೋದವರು ನೋಡಿಬರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ. ಉದ್ದ 14 ಅಡಿಗೆ ತುಸು ಹೆಚ್ಚು, ತೂಕ ಸುಮಾರು 55 ಟನ್. ಅದರ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಬುರುಜಿನ ಮೇಲಿನ ನೀರಿನ ತೊಟ್ಟಿಯ ಬಗ್ಗೆ ಒಂದು ಮಾತು ಊರಲ್ಲಿ ಉಳಿದುಬಂದಿದೆ: ಬತ್ತಿಗೆ ಕಿಡಿ ಮುಟ್ಟಿಸಿದ ಗೋಲಂದಾಜ, ಸಿಡಿತ ಕಿವಿಗೆ ಬೀಳುವ ಮೊದಲೇ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಮಾತು ನಿಜವೋ ಕಟ್ಟಿದ್ದೋ, ಅದರೊಳಗೊಂದು ತಿಳಿವಳಿಕೆಯಿದೆ. ತೋಪು ಬುರುಜಿನ ಮೇಲೆ ಕೂತಿದೆ, ಹಾರಿಸುವವ ಬೆಚ್ಚಿದರೂ ಓಡಿದರೂ ಅದರ ಗುರಿ ಕದಲದು. ನಿಂತು ಕೋವಿ ಹಿಡಿದವ ಮಾತ್ರ ತನ್ನ ಮೈಯನ್ನೇ ಬುರುಜು ಮಾಡಿಕೊಳ್ಳಬೇಕು.

ಬತ್ತಿಯ ಕೋವಿಯ ಕಾಲದಲ್ಲಿ ಇದು ಬಲು ಕಷ್ಟದ ಕೆಲಸವಾಗಿತ್ತು. ನಳಿಗೆಯ ಮಗ್ಗುಲಲ್ಲೊಂದು ಪುಟ್ಟ ಬಟ್ಟಲು, ಅದರಲ್ಲಿ ಚಿಟಿಕೆ ಮದ್ದು. ಉರಿಯುವ ಬತ್ತಿ ಬಾಗಿ ಬಟ್ಟಲನ್ನು ಮುಟ್ಟಿದೊಡನೆ ಕೆನ್ನೆಯ ಹತ್ತಿರವೇ ಬೆಂಕಿ ಭಗ್ಗೆನ್ನುತ್ತದೆ; ಕಿಂಡಿಯ ಮೂಲಕ ಆ ಬೆಂಕಿ ಒಳಗಿನ ಮದ್ದಿಗೆ ತಲುಪಿದ ಮೇಲಷ್ಟೇ ಗುಂಡು ಹೊರಡುತ್ತದೆ. ಈ ನಡುವಿನ ಅರೆಗಳಿಗೆಯಲ್ಲಿ ಮೈ ಬೆಚ್ಚಲು ಸಾಕಷ್ಟು ಹೊತ್ತಿದೆ. ಈಗಿನ ತೋಟಾ ಬಂದೂಕಿನಲ್ಲಿ ಹಾಗಲ್ಲ. ಮದ್ದು ಹತ್ತಿದ ಮೇಲೆ ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹೊತ್ತಿಗೆ ಗುಂಡು ನಳಿಗೆ ಬಿಟ್ಟಿರುತ್ತದೆ. ಸದ್ದಿಗೆ ರೆಪ್ಪೆ ಮುಚ್ಚಲು ಅದರ ಹತ್ತು ಪಟ್ಟಾದರೂ ಸಮಯ ಬೇಕು. ಎಂದರೆ ಈಗಿನ ಬಂದೂಕಿನಲ್ಲಿ ಗುರಿ ಕೆಡಿಸುವುದು ಕೇಳಿದ ಸದ್ದಲ್ಲ, ಕೇಳಲಿರುವ ಸದ್ದು. ಆದ್ದರಿಂದಲೇ ಅದನ್ನು ಅಭ್ಯಾಸದಿಂದ ಬಿಡಿಸಬಹುದು.

ಈ ಅಭ್ಯಾಸಕ್ಕೆ ಸೈನ್ಯಗಳು ಕ್ರಮ ಹಾಕಿಕೊಟ್ಟದ್ದು, ಏಟು ಬಿದ್ದೊಡನೆ ಸಿಡಿಯುವ ಪುಟ್ಟ ಕೇಪಿನಿಂದ ಮದ್ದು ಹೊತ್ತಿಸುವ ಕೋವಿ ಬಂದ ಮೇಲೆ. ಇಂಗ್ಲೆಂಡಿನ ಹೈತ್ ಎಂಬಲ್ಲಿ 1853ರಲ್ಲಿ ಬಂದೂಕು ಕಲಿಸುವ ಶಾಲೆಯೇ ಆರಂಭವಾಯಿತು. ಆ ದಶಕದ ಶಿಕ್ಷಣದಲ್ಲಿ ಸಿಪಾಯಿ ಮೊದಲು ಖಾಲಿ ಕೋವಿ ಎತ್ತಿ ನಿಂತು ಗುರಿ ಹಿಡಿಯುತ್ತಿದ್ದ, ಆಮೇಲೆ ಬರೀ ಕೇಪು ಹೊಡೆಯುತ್ತಿದ್ದ, ನಿಜವಾದ ಗುಂಡು ಕೊನೆಗೆ. ಅದರಲ್ಲೊಂದು ಪಾಠ ಬಹಳ ಚೆಂದ. ಕೋವಿಯ ಮೂತಿಯಿಂದ ಮೂರು ಅಡಿ ಆಚೆ ಉರಿಯುವ ಮೇಣದಬತ್ತಿ. ಮದ್ದಿಲ್ಲ, ಗುಂಡಿಲ್ಲ, ಕೇಪು ಮಾತ್ರ. ಹೊಡೆದಾಗ ಕೈ ಕದಲದಿದ್ದರೆ ನಳಿಗೆಯಿಂದ ನುಗ್ಗಿದ ಗಾಳಿಗೆ ದೀಪ ಆರುತ್ತದೆ, ಬೆಚ್ಚಿದರೆ ಉರಿಯುತ್ತಲೇ ಇರುತ್ತದೆ. ತಪ್ಪು ಹೇಳಲು ಗುರು ಬಾಯಿ ತೆರೆಯಬೇಕಾಗಿರಲಿಲ್ಲ.

ಇದೇ ಹೊತ್ತಿಗೆ ಕನ್ನಡ ನಾಡಿನ ಜನರ ಕೈಯಲ್ಲಿದ್ದ ಆಯುಧಗಳ ಹಣೆಬರಹ ಎರಡು ದಾರಿ ಹಿಡಿಯಿತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಕಂಪನಿಯ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಆಮೇಲೆ ಹಲವರನ್ನು ಗಲ್ಲಿಗೇರಿಸಿತು. ಲಾವಣಿಕಾರರು ಆ ನೋವನ್ನು ಇಂದಿಗೂ ಹಾಡುತ್ತಾರೆ. ಬೇಟೆಯಿಂದ ಬದುಕಿದವರ ಕೈಯಿಂದ ಆಯುಧ ಕಿತ್ತುಕೊಂಡಾಗ ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಕೈಪಳಗೂ ಅದರೊಂದಿಗೇ ಹೋಗುತ್ತದೆ. ಈ ನಷ್ಟವನ್ನು ಯಾವ ದಫ್ತರದಲ್ಲೂ ಬರೆದಿಡುವುದಿಲ್ಲ. ಎರೆಸೀಮೆಯ ರೈತನಿಗೆ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಉಳಿದದ್ದು ಕವಣೆ.

ಕೊಡಗಿನಲ್ಲಿ ಆದದ್ದೇ ಬೇರೆ. ಅದೇ ಕಾಯ್ದೆ ಕೊಡಗಿಗೆ ಅನ್ವಯಿಸದೆಂದು 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಪ್ರಕಟಿಸಿದ. ಆ ವಿನಾಯಿತಿ ಮಾರ್ಪಾಡುಗಳೊಂದಿಗೆ ಈಗಲೂ ಇದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೆ ಗುಂಡು. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದೊರೆಸಿ, ದೇವರ ದೀಪದ ಮುಂದಿಟ್ಟು, ಕೆಂಪು-ಹಳದಿ ಎಸಳಿನ ತೋಕ್‌ಪೂವನ್ನು ಅವಕ್ಕೆ ಮುಡಿಸುತ್ತಾರೆ. ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೆಂಗಸರೂ ಸಾಲಿನಲ್ಲಿ ನಿಲ್ಲುತ್ತಾರೆ. ಗುಂಡಿನ ಸದ್ದನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರಿಗೆ ಅದು ಹಬ್ಬದ ಸದ್ದು. ಅಳುಕು ಕಳೆಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು.

ಆ ಭಾಗ್ಯವಿಲ್ಲದ ಕಡೆ ಶಾಲೆಗಳು ಕಲಿಸಬೇಕಾಯಿತು. 1948ರಲ್ಲಿ ಎನ್‌ಸಿಸಿ ಬಂದ ಮೇಲೆ ಹಳ್ಳಿಯ ಹುಡುಗರೂ .22 ರೈಫಲ್ ಹಿಡಿದರು. ವಿಜಯಪುರದಲ್ಲಿ ಸೈನಿಕ ಶಾಲೆ 1963ರಲ್ಲಿ ಆರಂಭವಾಯಿತು. .22 ರೈಫಲ್ ಅಷ್ಟಾಗಿ ಒದೆಯುವುದಿಲ್ಲ. ಕಲಿಯುವವರಿಗೆ ಅದನ್ನೇ ಮೊದಲು ಕೊಡುವುದಕ್ಕೆ ಇದೊಂದು ಕಾರಣ: ಒಮ್ಮೆ ಭುಜಕ್ಕೆ ಏಟು ಬಿದ್ದ ನೆನಪು ಕೂತರೆ ಬಿಡಿಸುವುದು ಕಷ್ಟ.

ನಿಂತು ಹೊಡೆಯುವವನು ಎಡ ಮೊಳಕೈಯನ್ನು ಪಕ್ಕೆಗೋ ಸೊಂಟದ ಮೂಳೆಗೋ ಆನಿಸುತ್ತಾನೆ, ರೈಫಲಿನ ಭಾರವನ್ನು ಸ್ನಾಯುವಿನ ಬದಲು ಮೂಳೆಗಳೇ ಹೊರುತ್ತವೆ. ತೂಗಾಟ ಪೂರ್ತಿ ನಿಲ್ಲದೆಂದು ಒಪ್ಪಿಕೊಂಡು, ಗುಂಡು ಯಾವಾಗ ಹಾರೀತೆಂದು ತನಗೇ ತಿಳಿಯದಷ್ಟು ನಿಧಾನವಾಗಿ ಟ್ರಿಗರ್ ಒತ್ತುತ್ತಾನೆ. ಕಿವಿಮುಚ್ಚಳ ಎಂದೂ ಬಿಡುವಂತಿಲ್ಲ. ಅಳುಕನ್ನು ಹೊರಗೆಳೆಯಲು ಹಳೆಯ ಉಪಾಯವೊಂದಿದೆ: ಜೊತೆಗಾರ ಸಜೀವ ತೋಟಾಗಳ ನಡುವೆ ಗೊತ್ತಾಗದಂತೆ ಸುಳ್ಳು ತೋಟಾ ತುಂಬಿಕೊಡುತ್ತಾನೆ. ಸದ್ದಿಲ್ಲದೆ ಟಕ್ಕೆಂದಾಗ ಮೂತಿ ಕೆಳಗೆ ಜಗ್ಗಿದರೆ, ಹೊಡೆದವನಿಗೆ ತನ್ನ ತಪ್ಪು ಕಣ್ಣಾರೆ ಕಾಣುತ್ತದೆ. ಮನೆಯಲ್ಲಾದರೆ, ಖಾಲಿಯೆಂದು ಎರಡೆರಡು ಸಲ ನೋಡಿಕೊಂಡ ರೈಫಲಿನ ತುದಿಯಲ್ಲಿ ನಾಣ್ಯವಿಟ್ಟು, ಅದು ಬೀಳದಂತೆ ಟ್ರಿಗರ್ ಒತ್ತುವ ಸಾಧನೆ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯೂ ನಿಂತೇ ಹೊಡೆಯುವಂಥದು. ಅಲ್ಲಿ ಹತ್ತು ಅಂಕದ ಬೊಟ್ಟಿನ ಅಗಲ ಅರ್ಧ ಮಿಲಿಮೀಟರ್. ಏರ್ ರೈಫಲಿನಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದರ ಛರ್ರೆ ನಿಧಾನ, ನಳಿಗೆಯೊಳಗೆ ಗುಂಡಿಗಿಂತ ಹೆಚ್ಚು ಹೊತ್ತು ಇರುತ್ತದೆ. ಆದ್ದರಿಂದ ಟ್ರಿಗರ್ ಬಿಟ್ಟ ಮೇಲೂ ಸ್ಪರ್ಧಿ ಕೆಲವು ಗಳಿಗೆ ಕೆನ್ನೆ ಎತ್ತದೆ, ಕಣ್ಣು ಕೀಳದೆ, ಬತ್ತಿಯ ಕೋವಿ ಹಿಡಿದವ ನಿಂತಂತೆಯೇ ನಿಂತಿರುತ್ತಾನೆ.